ಟೀಚರ್ ಹೆಸರು ಸೂಚಿಸದಿದ್ದರೆ ಮಗು ಜಾಣೆಯಲ್ಲವೇ?

ಪ್ರಶ್ನೆ: ನಾವು ಅಮೆರಿಕದ ಫ್ಲಾರಿಡಾದಲ್ಲಿದ್ದೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಒಗಟು, ಲೆಕ್ಕ ಎಂದರೆ ಊಟವನ್ನೂ ಮರೆಯುತ್ತಾಳೆ. ತರಗತಿಯಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಅಸಾಧಾರಣ ಬುದ್ಧಿಶಕ್ತಿಯ ಮಕ್ಕಳನ್ನು ಗುರುತಿಸಿ ವಿಶೇಷ ಶಿಕ್ಷಣಕ್ಕೆ ಆರಿಸುವ ‘ಗಿಫ್ಟೆಡ್’ ಪರೀಕ್ಷೆಗೆ ಟೀಚರ್ ಅವಳ ಹೆಸರು ಸೂಚಿಸಲಿಲ್ಲ. ಪರಿಚಯದವರು ಇದಕ್ಕಾಗಿಯೇ ಮಕ್ಕಳನ್ನು ಕೋಚಿಂಗ್‌ಗೆ ಕಳಿಸುತ್ತಿದ್ದಾರೆ. ನಾನೂ ತಯಾರಿ ಮಾಡಿಕೊಂಡೇ ನವೋದಯಕ್ಕೆ ಆಯ್ಕೆಯಾದವಳು. ಅವಳಿಗೆ ಕೋಚಿಂಗ್ ಕೊಡಿಸಲೇ?
– ಒಬ್ಬ ತಾಯಿ

ಉತ್ತರ: ಕೋಚಿಂಗ್ ಬೇಡ, ಆದರೆ ಪರೀಕ್ಷೆಯನ್ನು ಕೇಳದೆ ಬಿಡಲೂ ಬೇಡಿ. ಟೀಚರ್ ಸೂಚಿಸಲಿಲ್ಲವೆಂದರೆ ಮಗುವಿನಲ್ಲಿ ಶಕ್ತಿಯಿಲ್ಲವೆಂದಲ್ಲ, ಅದು ಅವರ ಕಣ್ಣಿಗೆ ಬಿದ್ದಿಲ್ಲ ಎಂದಷ್ಟೇ ಅರ್ಥ. ಇದಕ್ಕೆ ನಿಮ್ಮದೇ ರಾಜ್ಯದ ಬ್ರೋವರ್ಡ್ ಕೌಂಟಿಗಿಂತ ಸ್ಪಷ್ಟವಾದ ಉದಾಹರಣೆಯಿಲ್ಲ. ಅಲ್ಲಿ ಮೊದಲು ಶಿಕ್ಷಕರೋ ಪೋಷಕರೋ ಸೂಚಿಸಿದ ಮಕ್ಕಳಿಗೆ ಮಾತ್ರ ಐ.ಕ್ಯೂ. ಪರೀಕ್ಷೆ ನಡೆಯುತ್ತಿತ್ತು. 2005ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಯು ಎರಡನೇ ತರಗತಿಯ ಎಲ್ಲ ಮಕ್ಕಳಿಗೂ, ಆಕೃತಿಗಳ ವಿನ್ಯಾಸವನ್ನು ಪೂರ್ಣಗೊಳಿಸುವ, ಭಾಷೆಯ ಹಂಗಿಲ್ಲದ ನಾಗ್ಲಿಯೆರಿ ಪರೀಕ್ಷೆಯನ್ನು ಕೊಟ್ಟು, ಅದರಲ್ಲಿ ಮೇಲೆದ್ದವರನ್ನು ಐ.ಕ್ಯೂ. ಪರೀಕ್ಷೆಗೆ ಕಳಿಸತೊಡಗಿತು. ಮುಂದೆ 2021ರ ಅರ್ಥಶಾಸ್ತ್ರ ನೊಬೆಲ್ ಪಡೆದ ಡೇವಿಡ್ ಕಾರ್ಡ್, ತಮ್ಮ ಸಹಸಂಶೋಧಕಿ ಲಾರಾ ಜೂಲಿಯಾನೊ ಅವರೊಡನೆ ಇದನ್ನು ಅಧ್ಯಯನ ಮಾಡಿದಾಗ, ಗಿಫ್ಟೆಡ್ ಎಂದು ಗುರುತಿಸಲ್ಪಟ್ಟ ಬಡ ಮಕ್ಕಳ ಪ್ರಮಾಣ ಶೇ. 180ರಷ್ಟು ಏರಿದ್ದು ಕಂಡಿತು. ಮಕ್ಕಳು ಮೊದಲೂ ಅಲ್ಲೇ ಇದ್ದರು, ಯಾರೂ ಅವರನ್ನು ಹುಡುಕಿರಲಿಲ್ಲ. ಆರ್ಥಿಕ ಹಿಂಜರಿತದಿಂದ 2010ರಲ್ಲಿ ಈ ಪರೀಕ್ಷೆ ನಿಂತಾಗ ಆ ಗಳಿಕೆಯೂ ಕರಗಿತು. ಓದುವಾಗ ನನಗೆ ಬಹಳ ನೋವಾದ ಸಂಗತಿ ಅದು.

ಆದ್ದರಿಂದ ನಿಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಪರೀಕ್ಷೆ ಇದೆಯೇ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ಮಗಳನ್ನು ಪರೀಕ್ಷಿಸುವಂತೆ ಶಾಲೆಗೆ ಲಿಖಿತವಾಗಿ ಕೇಳಿಕೊಳ್ಳಿ. ಅಮೆರಿಕದಲ್ಲಿ ಗಿಫ್ಟೆಡ್ ಶಿಕ್ಷಣವನ್ನು ಕಡ್ಡಾಯಗೊಳಿಸುವ ಒಕ್ಕೂಟ ಕಾನೂನಿಲ್ಲ, ಅದು ರಾಜ್ಯಕ್ಕೆ ಬಿಟ್ಟದ್ದು. ಫ್ಲಾರಿಡಾ ಅದನ್ನು ವಿಶೇಷ ಅಗತ್ಯದ ಮಕ್ಕಳ ಶಿಕ್ಷಣದ ಅಡಿಯಲ್ಲೇ ಸೇರಿಸಿರುವುದರಿಂದ ನೀವು ಕೇಳುವುದು ಉಪಕಾರವೇನೂ ಅಲ್ಲ.

ನವೋದಯದ ಹೋಲಿಕೆಯನ್ನು ಇಲ್ಲಿಗೆ ತರಬೇಡಿ. ಅದು ಆರನೇ ತರಗತಿಯ ಮಿತ ಸೀಟುಗಳಿಗಾಗಿ, ಅರ್ಜಿ ಹಾಕಿದವರೆಲ್ಲ ಓದಿಕೊಂಡೇ ಬರೆಯುವ ಪ್ರವೇಶ ಪರೀಕ್ಷೆ. ನೀವು ತಯಾರಾದದ್ದು ಸರಿಯೇ. ಐ.ಕ್ಯೂ. ಪರೀಕ್ಷೆಯ ಅಳತೆಗೋಲನ್ನು ಅಂಥ ಪ್ರಶ್ನೆಗಳನ್ನು ಮುಂಚೆ ಕಂಡಿರದ ಮಕ್ಕಳನ್ನು ಇಟ್ಟುಕೊಂಡು ರೂಪಿಸಿರುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದರೆ ಬರುವ ಅಂಕ ಅಭ್ಯಾಸದ್ದಾಗುತ್ತದೆ, ಮಗುವಿನದಾಗುವುದಿಲ್ಲ.

ಇನ್ನೊಂದು ಮಾತು. ಬ್ರೋವರ್ಡ್‌ನಲ್ಲಿ ಗಿಫ್ಟೆಡ್ ಮಕ್ಕಳಿಗೆಂದಿದ್ದ ಪ್ರತ್ಯೇಕ ತರಗತಿಯ ಉಳಿದ ಸೀಟುಗಳನ್ನು ಹಿಂದಿನ ವರ್ಷ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಕೊಡುತ್ತಿದ್ದರು. ಅದೇ ಸಂಶೋಧಕರ ಪ್ರಕಾರ, ಗಿಫ್ಟೆಡ್ ಎನಿಸಿಕೊಳ್ಳಲು ಬೇಕಿದ್ದ ಐ.ಕ್ಯೂ. 130ರ ಗೆರೆ ದಾಟಿ ಬಂದವರ ಓದು-ಗಣಿತದ ಅಂಕಗಳು ಅಲ್ಲಿ ವಿಶೇಷವಾಗಿ ಏರಲಿಲ್ಲ. ಅಂಕಗಳ ಬಲದಿಂದ ಬಂದವರಿಗೆ, ಅದರಲ್ಲೂ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೆ, ದೊಡ್ಡ ಲಾಭವಾಯಿತು. ಹಾಗಾಗಿ ಮಗಳು 130 ಮುಟ್ಟದಿದ್ದರೆ ಕೈಚೆಲ್ಲಬೇಡಿ, ಗಣಿತದಲ್ಲಿ ಅವಳನ್ನು ಮುಂದಿನ ಹಂತದ ಗುಂಪಿಗೆ ಸೇರಿಸುವಂತೆ ಕೇಳಿ.

ಮನೆಯಲ್ಲಿ ಕನ್ನಡವೇ ಆಡುತ್ತೀರಾದರೆ, ಶಾಲೆಗೆ ಸೇರಿಸುವಾಗ ತುಂಬಿದ ಮನೆಭಾಷೆಯ ಅರ್ಜಿಯಲ್ಲಿ ಏನು ಬರೆದಿದ್ದಿರೆಂದು ನೋಡಿ. ಮಗು ಹಿಂದೆ ಬೀಳುತ್ತದೆಂಬ ಭಯದಿಂದ ನಮ್ಮವರು ಎಷ್ಟೋ ಸಲ ಇಂಗ್ಲಿಷ್ ಎಂದು ಬರೆದುಬಿಡುತ್ತಾರೆ. ಆ ಅರ್ಜಿಯನ್ನು ನೋಡಿಯೇ ಶಾಲೆ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳು ಯಾರೆಂದು ಪರೀಕ್ಷಿಸುತ್ತದೆ. ಹಾಗೆ ಗುರುತಿಸಿದ ಮಕ್ಕಳಿಗೂ ಬಡ ಕುಟುಂಬದವರಿಗೂ ಬ್ರೋವರ್ಡ್ 130ರ ಬದಲು 116 ಸಾಕೆಂದಿತ್ತು. ನಿಮ್ಮ ಜಿಲ್ಲೆಯ ನಿಯಮವೇನು, ಮಗಳು ಆ ಪಟ್ಟಿಯಲ್ಲಿದ್ದಾಳೆಯೇ ಎಂಬುದನ್ನು ಪರೀಕ್ಷೆಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ.