ಹಿರಿಯರಲ್ಲಿ ಕೆಲವರು ಫ್ಲೂ ಲಸಿಕೆಯನ್ನು ಒಪ್ಪುವುದೂ ಕೆಲವರು ಬೇಡವೆನ್ನುವುದೂ ಏಕೆ?

ಫ್ಲೂ ತಮಗೆ ನಿಜಕ್ಕೂ ಅಪಾಯಕಾರಿ ಎಂದು ಮನವರಿಕೆಯಾದವರು ಮತ್ತು ತಾವು ನಂಬುವ ವೈದ್ಯರಿಂದಲೇ ಸಲಹೆ ಪಡೆದವರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದನ್ನು ಮಳೆಗಾಲದ ಮಾಮೂಲಿ ಶೀತಜ್ವರವೆಂದು ಎಣಿಸುವವರು ಬೇಡವೆನ್ನುತ್ತಾರೆ. ಅಪಾಯದ ಅರಿವು ಮತ್ತು ವೈದ್ಯರ ಸಲಹೆ, ಇವೆರಡರಲ್ಲಿ ವೈದ್ಯರ ಮಾತಿಗೇ ತೂಕ ಹೆಚ್ಚೆಂದು ನನ್ನ ಅಭಿಪ್ರಾಯ.

ನಿರಾಕರಣೆಯ ಬೇರು ಹಲವು ಬಾರಿ ಅನುಭವದಲ್ಲಿಯೇ ಇರುತ್ತದೆ. ಈ ಲಸಿಕೆ ಇನ್‌ಫ್ಲುಯೆಂಜಾ ವೈರಾಣುವಿನ ವಿರುದ್ಧ ಮಾತ್ರ ಕೆಲಸ ಮಾಡುತ್ತದೆಯೇ ಹೊರತು ನೆಗಡಿ, ಕೆಮ್ಮು ತರುವ ಇತರ ವೈರಾಣುಗಳ ವಿರುದ್ಧ ಅಲ್ಲ. ಅದರ ರಕ್ಷಣೆ ಮೂಡುವುದಕ್ಕೂ ಸುಮಾರು 2 ವಾರ ಬೇಕು. ಆದ್ದರಿಂದ ಲಸಿಕೆಯ ಬೆನ್ನಿಗೇ ಶೀತವಾದವರಿಗೆ ಸೂಜಿಯಿಂದಲೇ ಕಾಯಿಲೆ ಬಂತೆಂದು ಅನ್ನಿಸುವುದು ಸಹಜ. ಆದರೆ ನಿಷ್ಕ್ರಿಯಗೊಳಿಸಿದ ವೈರಾಣುವಿನಿಂದ ತಯಾರಿಸಿದ ಚುಚ್ಚುಮದ್ದು ಫ್ಲೂ ಉಂಟುಮಾಡಲಾರದು. ತೋಳಿನ ನೋವು, ಒಂದೆರಡು ದಿನದ ಮೈಬಿಸಿ ಅನುಭವಕ್ಕೆ ಬರುತ್ತವೆ. ಆದರೆ ಫ್ಲೂ ಉಲ್ಬಣಿಸಿ ಬರಬಹುದಾಗಿದ್ದ, ಲಸಿಕೆಯಿಂದಾಗಿ ಬಾರದೆ ತಪ್ಪಿದ ನ್ಯುಮೋನಿಯಾ ಯಾರಿಗೂ ಕಾಣುವುದಿಲ್ಲ. ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ಪ್ರತಿವರ್ಷ ಹಾಕಿಸಿಕೊಳ್ಳಬೇಕಾಗಿರುವುದೂ ಸಂಶಯಕ್ಕೆ ಎಡೆಮಾಡುತ್ತದೆ.

ಕಾಸರಗೋಡಿನ ಕನ್ನಡಿಗ ಹಿರಿಯರ ಮಟ್ಟಿಗೆ ಮಾಹಿತಿಯ ಅಡ್ಡಿಯೂ ಇದೆ. ಕುಂಬಳೆ, ಬದಿಯಡ್ಕದಂತಹ ಕಡೆ ಮಲಯಾಳ ಲಿಪಿ ಓದಲಾರದ ಅಜ್ಜ, ಅಜ್ಜಿಯರಿಗೆ ಮಲಯಾಳದ ಕರಪತ್ರಕ್ಕಿಂತ ಮಂಗಳೂರಿನ ತಜ್ಞರು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳುವ ಒಂದು ಮಾತೇ ಹೆಚ್ಚು ನಾಟುತ್ತದೆ. ಹಣದ ಪ್ರಶ್ನೆಯನ್ನೂ ಮರೆಯುವಂತಿಲ್ಲ: ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಸೇರಿಲ್ಲವಾದ್ದರಿಂದ ಹೆಚ್ಚಿನವರು ಖಾಸಗಿಯಾಗಿ ಕೊಂಡುಕೊಳ್ಳಬೇಕಾಗುತ್ತದೆ, ಅದೂ ವರ್ಷವರ್ಷವೂ.