ಹೆಪ್-2 ಧ್ವನಿಪೆಟ್ಟಿಗೆಯದಲ್ಲ

ಸೀನಿಯರ್ ಕೊಟ್ಟ, ಲ್ಯಾಬಿನಲ್ಲಿ ಬೆಳೆಸುವ ಹೆಪ್-2 ಕೋಶಗಳನ್ನು ಧ್ವನಿಪೆಟ್ಟಿಗೆ ಕ್ಯಾನ್ಸರಿನ ಮಾದರಿಯಾಗಿ ಪಿಎಚ್‌ಡಿಗೆ ಬಳಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಹೆಸರಷ್ಟೇ ಧ್ವನಿಪೆಟ್ಟಿಗೆಯದು, ಫ್ಲಾಸ್ಕಿನಲ್ಲಿರುವುದು ಹೀಲಾ ಎಂಬ ಬೇರೆಯೇ ಕೋಶ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯ ಗರ್ಭಕೊರಳಿನ ಗೆಡ್ಡೆಯಿಂದ, ಆಕೆಯನ್ನು ಕೇಳದೆಯೇ ತೆಗೆದ ಕೋಶಗಳ ಸಂತತಿ ಅದು.

ಹೀಲಾ ಬೆಳೆಯುವ ವೇಗ ಎಂಥದ್ದೆಂದರೆ, ಪಿಪೆಟ್ಟಿನಲ್ಲಿ ಉಳಿದ ಹನಿಯೊಂದು ಪಕ್ಕದ ಫ್ಲಾಸ್ಕಿಗೆ ಬಿದ್ದರೂ ಸಾಕು, ಕ್ರಮೇಣ ಮೂಲ ಕೋಶಗಳ ಸುಳಿವೇ ಉಳಿಯುವುದಿಲ್ಲ. 1966ರಲ್ಲೇ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್, ಬೇರೆಬೇರೆ ಅಂಗಗಳದ್ದೆಂದು ಎಲ್ಲರೂ ನಂಬಿದ್ದ 18 ಕೋಶಸಾಲುಗಳಲ್ಲಿ (ಒಂದೇ ಮೂಲದಿಂದ ಲ್ಯಾಬಿನಲ್ಲಿ ಬೆಳೆಸುತ್ತ ಬಂದ ಕೋಶಗಳಲ್ಲಿ) ಹೀಲಾದ ಕಿಣ್ವದ ಗುರುತನ್ನೇ ಕಂಡು ಎಚ್ಚರಿಸಿದ್ದರು. ಇಷ್ಟು ವರ್ಷವಾದರೂ ವಿದ್ಯಾರ್ಥಿಗಳ ಕೈಗೆ ತಪ್ಪು ಹೆಸರಿನ ಕೋಶ ಬರುತ್ತಿದೆ, ಅದೇ ನನಗೆ ನೋವು.

(ದೇಹ ತನ್ನದೇ ಕೋಶಕೇಂದ್ರದ ವಿರುದ್ಧ ತಯಾರಿಸುವ ಪ್ರತಿಕಾಯ ಹುಡುಕುವ ಎಎನ್‌ಎ ರಕ್ತಪರೀಕ್ಷೆಗೆ ಹೆಪ್-2 ಈಗಲೂ ಸರಿಯೇ. ಅಲ್ಲಿ ಬೇಕಾದದ್ದು ಸ್ಪಷ್ಟವಾಗಿ ಕಾಣುವ ಮನುಷ್ಯ ಕೋಶಕೇಂದ್ರ, ಅಂಗ ಯಾವುದಾದರೇನು.)

ಬೇರೆ ಕೋಶ ಆರಿಸುವ ಮುನ್ನ, ತಪ್ಪು ಗುರುತಿನ ಕೋಶಸಾಲುಗಳ ಐಕ್ಲಾಕ್ ಪಟ್ಟಿಯಲ್ಲಿ ಹೆಸರು ಹುಡುಕಿ. ಪುಣೆಯ ಎನ್‌ಸಿಸಿಎಸ್‌ನಂಥ ಕೋಶಭಂಡಾರದಿಂದ ತರಿಸಿ, ಕೋಶ ಯಾರದೆಂದು ಡಿಎನ್‌ಎಯಿಂದ ಗುರುತಿಸುವ ಎಸ್‌ಟಿಆರ್ ಪರೀಕ್ಷೆ ಮಾಡಿಸಿ. ಕೋಶಗಳಿಗೆ ಸೋಂಕು ತಗುಲಿಸುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಅದರಲ್ಲಿ ಕಾಣುವುದಿಲ್ಲ, ಅದಕ್ಕೆ ಪಿಸಿಆರ್ ಬೇರೆಯೇ ಮಾಡಬೇಕು. ಗೈಡ್ ಹತ್ತಿರ ಈ ವಾರವೇ ಮಾತಾಡಿ.