ಅಪ್‌ಡೇಟ್ ಬಂದ್ ಮಾಡಿಸಬೇಡಿ, ನಿಮ್ಮ ಹೊತ್ತಿಗೆ ಹಾಕಿಕೊಳ್ಳಿ

ಪ್ರಶ್ನೆ: ಸರ್, ಸಿಂಧನೂರಿನಲ್ಲಿ ನಮ್ಮದು ಝೆರಾಕ್ಸ್ ಅಂಗಡಿ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಬೆಳೆ ವಿಮೆ ಎಲ್ಲಾ ಆನ್‌ಲೈನ್ ಮಾಡಿಕೊಡುತ್ತೇವೆ. ಮೂರು ಕಂಪ್ಯೂಟರ್ ಇವೆ, ಮೂರರಲ್ಲೂ ವಿಂಡೋಸ್ 11 ಹೋಮ್. ಬೆಳೆ ವಿಮೆಯ ಕೊನೆ ದಿನ ಸಂಜೆ ಅಂಗಡಿ ತುಂಬ ರೈತರು ನಿಂತಿದ್ದಾಗ ಒಂದು ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ ಅಪ್‌ಡೇಟ್ ಶುರು ಮಾಡಿತು. ಮುಕ್ಕಾಲು ಗಂಟೆ ಸುಮ್ನೆ ಕೂತೆವು. ಅರ್ಧ ತುಂಬಿದ ಅರ್ಜಿಯೂ ಹೋಯಿತು. ಪರಿಚಯದವರೊಬ್ಬರು ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಮಾಡಿಸಲಾ?

ಉತ್ತರ: ಬೇಡ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಹೊಲ ಬಿಟ್ಟು ಬಂದ ರೈತನಿಗೆ ‘ಸ್ವಲ್ಪ ತಡೀರಿ’ ಅಂತ ಎಷ್ಟು ಸಲ ಹೇಳೋದು? ಆದರೂ ಬೇಡ.

ದಿನಾ ಎಷ್ಟು ಜನ ನಿಮ್ಮಲ್ಲಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾರೆ ಲೆಕ್ಕ ಹಾಕಿ. ಡೌನ್‌ಲೋಡ್ ಫೋಲ್ಡರ್‌ನಲ್ಲಿ ಎಷ್ಟು ಜನರ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ಇವೆ ನೋಡಿ. ಮನೆಯ ಕಂಪ್ಯೂಟರಿಗಿಂತ ನಿಮ್ಮ ಕಂಪ್ಯೂಟರಿಗೆ ಅಪಾಯ ಜಾಸ್ತಿ. 2017ರ ಮೇ 12ರಂದು ವನ್ನಾಕ್ರೈ ಅನ್ನುವ ವೈರಸ್ ಹಲವು ದೇಶಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು ಕೈಯಲ್ಲಿತ್ತು. ಹಾಕಿಕೊಳ್ಳದವರೇ ಜಾಸ್ತಿ ಸಿಕ್ಕಿಬಿದ್ದರು.

ಇನ್ನೊಂದು ಮಾತು. ಸರ್ವಿಸಸ್‌ಗೆ (ತೆರೆಮರೆಯಲ್ಲಿ ನಡೆಯುವ ಕೆಲಸಗಳ ಪಟ್ಟಿ) ಹೋಗಿ ವಿಂಡೋಸ್ ಅಪ್‌ಡೇಟನ್ನು ಡಿಸೇಬಲ್ ಮಾಡಿದರೂ ಅದು ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ. ಅದನ್ನು ಮತ್ತೆ ಎಬ್ಬಿಸಲಿಕ್ಕೇ ವಿಂಡೋಸ್‌ನಲ್ಲಿ ಬೇರೊಂದು ರಿಪೇರಿ ಸರ್ವಿಸ್ ಇದೆ. ವಿಡಿಯೋಗಳಲ್ಲಿ ತೋರಿಸುವ ಗ್ರೂಪ್ ಪಾಲಿಸಿ (ವಿಂಡೋಸ್‌ಗೆ ನಿಯಮ ಹಾಕಿಡುವ ಸೌಲಭ್ಯ) ನಿಮ್ಮ ಹೋಮ್‌ನಲ್ಲಿ ಸಿಗುವುದಿಲ್ಲ, ಅದು ವಿಂಡೋಸ್ ಪ್ರೊಗೆ ಇರುವಂಥದ್ದು.

ಹಾಗಾದರೆ ಏನು ಮಾಡೋದು? ಸೆಟ್ಟಿಂಗ್ಸ್‌ಗೆ ಹೋಗಿ, ಎಡಗಡೆ ಕೆಳಗಿರುವ ವಿಂಡೋಸ್ ಅಪ್‌ಡೇಟ್ ತೆರೆಯಿರಿ. ಅಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಆ್ಯಕ್ಟಿವ್ ಅವರ್ಸ್ ಇದೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ಅಪ್‌ಡೇಟ್‌ಗಾಗಿ ತಾನಾಗಿ ರೀಸ್ಟಾರ್ಟ್ ಆಗಬಾರದು ಅಂತ. ಅದನ್ನು ಮ್ಯಾನ್ಯುಯಲ್ ಮಾಡಿ, ಬೆಳಿಗ್ಗೆ 7ರಿಂದ ರಾತ್ರಿ 11 ಇಡಿ. ಗರಿಷ್ಠ 18 ಗಂಟೆ ಇಡಬಹುದು. ಅದೇ ಪುಟದಲ್ಲಿ ‘ಗೆಟ್ ಮಿ ಅಪ್ ಟು ಡೇಟ್’ ಅನ್ನುವ ಗುಂಡಿ ಆನ್ ಇದೆಯಾ ನೋಡಿ. ಆನ್ ಇದ್ದರೆ ಆ್ಯಕ್ಟಿವ್ ಅವರ್ಸ್ ಒಳಗೂ ರೀಸ್ಟಾರ್ಟ್ ಆಗುತ್ತದೆ. ಎಷ್ಟೋ ಕಡೆ ಇದೊಂದನ್ನು ನೋಡದೆ ‘ಏನು ಮಾಡಿದರೂ ನಿಲ್ತಿಲ್ಲ’ ಅಂತ ಬೇಜಾರಾಗಿರುತ್ತಾರೆ. ಆಫ್ ಮಾಡಿ.

ಬೆಳೆ ವಿಮೆ, ಸ್ಕಾಲರ್‌ಶಿಪ್ ಕೊನೆ ದಿನಗಳಿಗೆ ಪಾಜ್ ಅಪ್‌ಡೇಟ್ಸ್ ಇದೆ. ಒಂದು ವಾರದಿಂದ ಐದು ವಾರದವರೆಗೆ ತಡೆದಿಡಬಹುದು. ಗಡುವಿಗೆ ಹತ್ತು ದಿನ ಮುಂಚೆ ಇರುವ ಅಪ್‌ಡೇಟ್ ಎಲ್ಲಾ ಹಾಕಿ ಮುಗಿಸಿ, ಆಮೇಲೆ ಪಾಜ್ ಒತ್ತಿ. ಈ ಕ್ರಮ ತಪ್ಪಬೇಡಿ. ಪಾಜ್ ಅವಧಿ ಮುಗಿದ ಮೇಲೆ, ಮತ್ತೆ ಪಾಜ್ ಬೇಕಂದರೆ ಮೊದಲು ಬಾಕಿ ಅಪ್‌ಡೇಟ್ ಹಾಕು ಅನ್ನುತ್ತದೆ.

ತಿಂಗಳ ದೊಡ್ಡ ಸೆಕ್ಯುರಿಟಿ ಅಪ್‌ಡೇಟ್ ಬರುವುದು ಎರಡನೇ ಮಂಗಳವಾರ. ಅಮೆರಿಕದ ಸಮಯ ಅದು, ನಮಗೆ ರಾತ್ರಿಯಾಗಿರುತ್ತದೆ. ಹಾಗಾಗಿ ಬುಧವಾರ ಕಾಣಿಸುತ್ತದೆ. ಆ ವಾರದಲ್ಲೇ ಗಿರಾಕಿ ಕಡಿಮೆ ಇರುವ ಒಂದು ಹೊತ್ತು ಗುರುತು ಮಾಡಿಕೊಳ್ಳಿ. ಮೂರಕ್ಕೂ ಒಟ್ಟಿಗೆ ಹಾಕಬೇಡಿ. ಮೊದಲು ಒಂದಕ್ಕೆ ಹಾಕಿ, ಪ್ರಿಂಟರ್, ಬೆರಳಚ್ಚಿನ ಮಷಿನ್ ಎಲ್ಲಾ ನಡೆಯುತ್ತವಾ ನೋಡಿ, ಆಮೇಲೆ ಉಳಿದವು. ಅದೇ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿನ ಡೆಲಿವರಿ ಆಪ್ಟಿಮೈಸೇಶನ್‌ನಲ್ಲಿ ನಿಮ್ಮ ನೆಟ್‌ವರ್ಕ್‌ನ ಕಂಪ್ಯೂಟರುಗಳು ಮಾತ್ರ ಅಂತ ಆರಿಸಿದರೆ, ಒಂದು ಇಳಿಸಿಕೊಂಡಿದ್ದನ್ನು ಉಳಿದೆರಡು ಅದರಿಂದ ಪಡೆಯಬಹುದು. ಡೇಟಾ ಉಳಿಯುತ್ತದೆ.

ಕರೆಂಟ್ ಬಗ್ಗೆ ಹೇಳಲೇಬೇಕು. ಗಂಗಾವತಿ ಕಡೆಯ ಒಂದು ರೈಸ್ ಮಿಲ್‌ನ ಕಂಪ್ಯೂಟರ್ ನನ್ನ ಟೇಬಲ್ ಮೇಲೆ ಬಂದಿತ್ತು. ಅಪ್‌ಡೇಟ್ 64 ಪರ್ಸೆಂಟ್‌ಗೆ ಬಂದಾಗ ಕರೆಂಟ್ ಹೋಗಿದೆ. ಬಂದ ಮೇಲೆ ನೀಲಿ ಪರದೆ, ಸುತ್ತುವ ಚುಕ್ಕಿ, ಬದಲಾವಣೆ ಹಿಂದಕ್ಕೆ ತೆಗೆಯುತ್ತಿದ್ದೇನೆ ಅನ್ನುವ ಒಂದು ಸಾಲು. ಗುಮಾಸ್ತರು ಗಾಬರಿಯಿಂದ ನಾಲ್ಕು ಸಲ ಪವರ್ ಬಟನ್ ಒತ್ತಿದ್ದರು. ನಾನು ಮಾಡಿದ್ದು ಇಷ್ಟೇ: ಆನ್ ಮಾಡಿ ಎರಡು ಗಂಟೆ ಮುಟ್ಟಲಿಲ್ಲ. ತಾನೇ ಹಳೆಯ ಸ್ಥಿತಿಗೆ ಮರಳಿತು. ಮಿಲ್‌ನ ಲೆಕ್ಕವೆಲ್ಲಾ ಹಾಗೇ ಇತ್ತು. ಎಲ್ಲಾ ಸಲ ಹೀಗೆ ಉಳಿಯುವುದಿಲ್ಲ. ಸಣ್ಣ ಯುಪಿಎಸ್ ಹತ್ತು ಹದಿನೈದು ನಿಮಿಷ ತಡೆಯಬಹುದು, ಅಪ್‌ಡೇಟ್‌ಗೆ ಅದು ಸಾಲದು. ಇನ್ವರ್ಟರ್ ಇದ್ದರೆ ಅದಕ್ಕೆ ಹಾಕಿ. ಬೇಸಿಗೆ ಮಧ್ಯಾಹ್ನ, ಮಳೆಗಾಳಿಯ ಸಂಜೆ ಅಪ್‌ಡೇಟ್ ಒತ್ತಬೇಡಿ.

ಪ್ರಶ್ನೆ: ನಾನು ಕೊಪ್ಪಳದಲ್ಲಿ ಬಿ.ಎಡ್. ಓದುತ್ತಿದ್ದೇನೆ. ಅಣ್ಣನ ಹಳೆಯ ಲ್ಯಾಪ್‌ಟಾಪ್, ವಿಂಡೋಸ್ 10. ಮೊಬೈಲ್ ಹಾಟ್‌ಸ್ಪಾಟ್ ಹಾಕಿದ ಕೂಡಲೇ ದಿನದ ಡೇಟಾ ಪೂರ್ತಿ ಖಾಲಿ ಆಗುತ್ತದೆ. ಏನು ಮಾಡಲಿ?

ಉತ್ತರ: ಹಾಟ್‌ಸ್ಪಾಟ್‌ಗೆ ಕನೆಕ್ಟ್ ಆದ ಮೇಲೆ ಸೆಟ್ಟಿಂಗ್ಸ್‌ನ ವೈಫೈ ಒಳಗೆ ಆ ಹೆಸರಿನ ಪ್ರಾಪರ್ಟೀಸ್ ತೆರೆದು ‘ಮೀಟರ್ಡ್ ಕನೆಕ್ಷನ್’ (ಡೇಟಾಕ್ಕೆ ಮಿತಿ ಇರುವ ಕನೆಕ್ಷನ್ ಅಂತ) ಆನ್ ಮಾಡಮ್ಮಾ. ದೊಡ್ಡ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದು ನಿಲ್ಲುತ್ತದೆ. ಇದನ್ನು ಒಂದೊಂದು ಹಾಟ್‌ಸ್ಪಾಟ್‌ಗೂ ಬೇರೆ ಬೇರೆ ಮಾಡಬೇಕು. ಅಣ್ಣನ ಫೋನಿಗೆ ಮಾಡಿದ್ದು ನಿನ್ನ ಫೋನಿಗೆ ಬರುವುದಿಲ್ಲ.

ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದರ ಮೇಲೆ ಸೆಕ್ಯುರಿಟಿ ಅಪ್‌ಡೇಟ್ ಬೇಕಂದರೆ ಮೈಕ್ರೋಸಾಫ್ಟ್‌ನ ವಿಸ್ತರಿಸಿದ ಸೆಕ್ಯುರಿಟಿ ಅಪ್‌ಡೇಟ್ ಯೋಜನೆಗೆ ಹೆಸರು ಹಚ್ಚಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ‘ಎನ್‌ರೋಲ್’ ಅಂತ ಕಾಣಿಸಿದರೆ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಗೆ ಹೋಗಿ ಮಾಡಿಕೋ. ತಿಂಗಳಿಗೊಮ್ಮೆ ಕಾಲೇಜಿನ ವೈಫೈ ಸಿಕ್ಕಾಗ, ಚಾರ್ಜರ್ ಹಾಕಿಕೊಂಡೇ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತು. ಲ್ಯಾಪ್‌ಟಾಪ್‌ನ ಮುಚ್ಚಳ ಮಾತ್ರ ಮುಗಿಯುವವರೆಗೂ ಮುಚ್ಚಬೇಡ.